ದೋಣಿ ಹಟ ಹಿಡಿದಾಗ

ನರಗುಂದದ ಗುಡ್ಡವನ್ನೇರಿ ನಾಲ್ಕು ದಿಕ್ಕಿಗೂ ಕಣ್ಣು ಹಾಯಿಸಿದವರಿಗೆ ಕಾಣುವುದು ಎರೆಯ ಹೊಲವೇ ಹೊರತು ಹಡಗಿನ ಪಟವಲ್ಲ. ರೋಣದ ಸೀಮೆಯ ಒಕ್ಕಲಿಗನು ಮೋಡವನ್ನು ನೋಡಿಯೇ ವರ್ಷವನ್ನು ಎಣಿಸುತ್ತಾನೆ. ಗಜೇಂದ್ರಗಡದ ಬೆಟ್ಟಸಾಲಿನಲ್ಲಿ ಗಾಳಿಗೆ ಬರವಿಲ್ಲ, ನೀರಿಗೆ ಬರ. ಇಂಥ ನಾಡಿನ ವಾಚಕರ ಮುಂದೆ ಯಂತ್ರ ಹೂಡಿದ ಓಟದ ದೋಣಿಯ ಮಾತನ್ನೆತ್ತುವುದು ಮೊದಲ ನೋಟಕ್ಕೆ ವಿನೋದವಾಗಿಯೇ ತೋರೀತು.

ಆದರೆ ಈ ಸೀಮೆಯ ಅಂಚಿನಲ್ಲಿ ಮಲಪ್ರಭೆ ಹರಿಯುತ್ತಾಳೆ ಎಂಬುದನ್ನು ಮರೆಯುವಂತಿಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕಿ, ನರಗುಂದ ರೋಣಗಳ ಬದಿಯಲ್ಲಿ ಸಾಗಿ, ಬೆಣ್ಣೆಹಳ್ಳವನ್ನು ಕೂಡಿಕೊಂಡು, ಸುಮಾರು 300 ಕಿಲೋಮೀಟರು ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ಹೊಳೆ ಬೇಸಗೆಯಲ್ಲಿ ಬಡವೆ. ಮುನಿದರೆ ಮಾತ್ರ ಅವಳನ್ನು ತಡೆಯುವವರಿಲ್ಲ. 2009ರ ಸೆಪ್ಟೆಂಬರ್ ಅಕ್ಟೋಬರ್ ಸಂಧಿಯಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿದ ಮಳೆಯನ್ನು ಬಲ್ಲವರು ಬಹಳ ಮಂದಿ. 2019ರ ಆಗಸ್ಟಿನಲ್ಲಿ ಮತ್ತೆ ಅದೇ ಕಥೆ: ಕೊಣ್ಣೂರಿನ ಬಳಿ ಹೆದ್ದಾರಿ ನೀರಿನಡಿಯಾಯಿತು, ಲಖಮಾಪುರದ ಸುತ್ತ ನೀರು ನಿಂತಿತು, ಹೊಳೆಆಲೂರಿನ ಕಡೆಯ ಊರುಗಳ ಜನ ಮನೆಮಾರು ಬಿಟ್ಟು ಎತ್ತರವನ್ನು ಹುಡುಕಿದರು. ಚಕ್ಕಡಿ ಓಡಾಡುವ ದಾರಿಯಲ್ಲಿ ಅಂಥ ದಿನ ಓಡಾಡಬಲ್ಲುದು ಯಂತ್ರದ ದೋಣಿಯೊಂದೇ. ಆ ದೋಣಿ ನಡೆಸುವವನ ಮಾತು ಕೇಳದೆ ಹೋದರೆ?

ಹಗುರವಾದ ಒಡಲು, ಹಿಂಬದಿಯಲ್ಲಿ ತೂಗುಹಾಕಿದ ಬಲವಾದ ಎಂಜಿನು, ಇವೆರಡೇ ಓಟದ ದೋಣಿಯ ಲಕ್ಷಣ. ನೆರೆಯಲ್ಲಿ ಜನರನ್ನು ಹೊರುವ ದೋಣಿಯ ಲಕ್ಷಣವೂ ಅವೇ. ಓಟದ ದೋಣಿಗೆ ಬರುವ ರೋಗಗಳೆಲ್ಲ ಇದಕ್ಕೂ ಬರುತ್ತವೆ. ಪಂದ್ಯದಲ್ಲಿ ಅವು ಬೇಗನೆ, ದೊಡ್ಡದಾಗಿ ಕಾಣಿಸಿಕೊಳ್ಳುತ್ತವೆ. ನೆರೆಯಲ್ಲಿ ಮೆಲ್ಲನೆ ಬಂದು ಹೆಚ್ಚು ಕೇಡು ಮಾಡುತ್ತವೆ. ಆದುದರಿಂದ ಈ ವಾರ ಓಟದ ದೋಣಿಯ ನಾಡಿಯನ್ನು ಹಿಡಿದು ನೋಡೋಣ.

ಹಿಂಹಲಗೆಯ ಎಂಜಿನು

ದೋಣಿಯ ಹೊಟ್ಟೆಯೊಳಗೆ ಇರದೆ, ಹಿಂಬದಿಯ ಹಲಗೆಯ ಹೊರಗೆ ಬಿಗಿದಿರುವ ಎಂಜಿನಿಗೆ ಔಟ್‌ಬೋರ್ಡ್ ಎಂಜಿನೆಂದು ಹೆಸರು. ಮಲ್ಪೆ, ಹೊನ್ನಾವರ, ಕಾರವಾರಗಳ ಮೀನುಗಾರರಿಗೆ ಇದು ಮನೆಯ ಮಾತು. ಇದನ್ನು ಜನಬಳಕೆಗೆ ತಂದವರಲ್ಲಿ ಮುಖ್ಯನು ಓಲೆ ಎವಿನ್‌ರೂಡ್ ಎಂಬಾತ; ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿ ಪಟ್ಟಣದಲ್ಲಿ ಯಂತ್ರಶಾಲೆ ನಡೆಸಿದವನು. ಅವನು 1909ರಲ್ಲಿ ಮಾರಾಟಕ್ಕಿಟ್ಟ ಎಂಜಿನಿನ ತೂಕ ಸುಮಾರು 28 ಕಿಲೋ. ಬಲ ಒಂದೂವರೆ ಅಶ್ವಶಕ್ತಿ. ಇಂದು ಪಂದ್ಯದ ಅತ್ಯುಚ್ಚ ವರ್ಗದ ದೋಣಿಗಳ ಹಿಂಬದಿಯಲ್ಲಿ ಕೂಡ್ರುವ ಆರು ಸಿಲಿಂಡರಿನ ಎಂಜಿನಿನ ಬಲ ಸುಮಾರು 400 ಅಶ್ವಶಕ್ತಿ. ಅವುಗಳ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುತ್ತದೆ. ಅಂಥ ದೋಣಿಗಳ ವಿಶ್ವಪಂದ್ಯವೊಂದು 2018ರ ನವೆಂಬರಿನಲ್ಲಿ ವಿಜಯವಾಡದ ಬಳಿ, ಕೃಷ್ಣೆಯ ನೀರಿನ ಮೇಲೆಯೇ ನಡೆಯಿತು. ನಮ್ಮ ಮಲಪ್ರಭೆಯ ನೀರೂ ಆ ಕೃಷ್ಣೆಗೇ ಸೇರತಕ್ಕದ್ದಷ್ಟೆ.

ಔಟ್‌ಬೋರ್ಡ್ ಎಂಜಿನಿನ ವಿಶೇಷವೆಂದರೆ, ತಳ್ಳುವುದೂ ತಿರುಗಿಸುವುದೂ ಅದರದೇ ಕೆಲಸ. ದೋಣಿಗೆ ಬೇರೆ ಚುಕ್ಕಾಣಿ ಇರುವುದಿಲ್ಲ. ಎಂಜಿನು ಹೊರಳಿದರೆ ದೋಣಿ ಹೊರಳುತ್ತದೆ. ಎಂಜಿನಿನ ಕಾಲು ಹಿಂದಕ್ಕೆ ಓರೆಯಾದರೆ ಮೂತಿ ಏಳುತ್ತದೆ, ಮುಂದಕ್ಕೆ ಓರೆಯಾದರೆ ಮೂತಿ ಬಗ್ಗುತ್ತದೆ. ಎಂಜಿನು ನಿಂತಿತೋ, ತಿರುಗಿಸುವ ಶಕ್ತಿಯೂ ನಿಂತಂತೆಯೇ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಎರಡು ಬಗೆಯ ನಡೆ

ಚಿಕ್ಕ ದೋಣಿಗೆ ಎರಡು ನಡೆಗಳುಂಟು. ಮೆಲ್ಲಗೆ ಹೋಗುವಾಗ ಅದು ನೀರನ್ನು ಸೀಳಿಕೊಂಡು, ತನ್ನ ತೂಕದಷ್ಟು ನೀರನ್ನು ಬದಿಗೊತ್ತಿ ಸಾಗುತ್ತದೆ. ಈ ನಡೆಯಲ್ಲಿ ನಾಲ್ಕು ಮೀಟರು ಉದ್ದದ ದೋಣಿ ಗಂಟೆಗೆ ಸುಮಾರು 9 ಕಿಲೋಮೀಟರಿಗಿಂತ ಹೆಚ್ಚು ವೇಗವನ್ನು ಸುಖವಾಗಿ ಪಡೆಯಲಾರದು. ತಾನೇ ಎಬ್ಬಿಸಿದ ಅಲೆಯ ತಗ್ಗಿನಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ. ಇನ್ನೂ ಬಲ ಕೊಟ್ಟರೆ ಮೂತಿ ಮೇಲೆದ್ದು, ದೋಣಿ ತನ್ನ ಅಲೆಯನ್ನೇ ಹತ್ತಿ, ಬಳಿಕ ನೀರಿನ ಮೇಲೆ ಜಾರತೊಡಗುತ್ತದೆ. ಕೆರೆಯ ನೀರಿನ ಮೇಲೆ ಹುಡುಗರು ಓಡುಬಿಲ್ಲೆಯನ್ನೆಸೆದಾಗ ಅದು ಮುಳುಗದೆ ಜಿಗಿಯುವುದಲ್ಲವೆ, ಅದೇ ತತ್ತ್ವ. ಜಾರುವ ನಡೆಗೆ ಬಂದ ದೋಣಿಯ ಹಿಂಬದಿಯ ಸ್ವಲ್ಪ ತಳ ಮಾತ್ರ ನೀರನ್ನು ಮುಟ್ಟಿರುತ್ತದೆ.

ವೇಗದ ಗುಟ್ಟೂ ಅದೇ, ತೊಂದರೆಯ ಮೂಲವೂ ಅದೇ. ಇಡೀ ತಳ ನೀರಿನಲ್ಲಿದ್ದಾಗ ತೂಕವು ಒಂದು ಗೇಣು ಹಿಂದು ಮುಂದಾದರೆ ದೋಣಿ ಲೆಕ್ಕಿಸದು. ಒಂದು ತುಂಡು ತಳದ ಮೇಲೆ ನಿಂತು ಓಡುವಾಗ ಅದೇ ಗೇಣು ದೊಡ್ಡ ಮಾತಾಗುತ್ತದೆ. ನಮ್ಮ ಹೊಳೆಗಳ ಹರಿಗೋಲನ್ನು ನೋಡಿರಿ. ಅದಕ್ಕೆ ಮೂತಿಯಿಲ್ಲ, ಬಾಲವಿಲ್ಲ. ಸುತ್ತುತ್ತಲೇ ಸಾಗುತ್ತದೆ, ಆದರೆ ಓಡುವುದಿಲ್ಲವಾದ್ದರಿಂದ ಹುಟ್ಟು ಹಾಕುವವನ ಕೈಗೆ ಒಗ್ಗುತ್ತದೆ. ಅದೇ ಹರಿಗೋಲಿಗೆ ಎಂಜಿನು ಕಟ್ಟಿದರೆ ಏನಾದೀತೆಂದು ಊಹಿಸಬಹುದು.

ಮೊದಲು ರೋಗನಿದಾನ

ದೋಣಿ ಹಟ ಹಿಡಿಯಿತೆಂದೊಡನೆ ಸ್ಪ್ಯಾನರು ಹಿಡಿದು ಎಂಜಿನಿನ ಮೇಲೆ ಬೀಳುವುದು ಬಹುಮಂದಿಯ ಅಭ್ಯಾಸ. ಅನುಭವಿಗಳು ಹಾಗೆ ಮಾಡುವುದಿಲ್ಲ. ಅವರು ಒಂದು ಕ್ರಮವನ್ನು ಅನುಸರಿಸುತ್ತಾರೆ: ಮೊದಲು ತಳ, ಆಮೇಲೆ ಭಾರ, ಆಮೇಲೆ ಎಂಜಿನು ಕೂತ ಎತ್ತರ, ಆಮೇಲೆ ಅದರ ಓರೆ, ಆಮೇಲೆ ಪ್ರೊಪೆಲರು, ಆಮೇಲೆ ತಿರುಗಿಸುವ ಕಟ್ಟು, ಎಲ್ಲಕ್ಕೂ ಕೊನೆಗೆ ಎಂಜಿನು. ಸುಲಭವಾಗಿ ಸರಿಪಡಿಸಬಹುದಾದುದು ಮೊದಲು, ಖರ್ಚಿನದು ಕೊನೆಗೆ.

ಎರಡನೆಯ ನಿಯಮ ಇದಕ್ಕಿಂತ ಮುಖ್ಯ: ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಓರೆಯನ್ನೂ ಪ್ರೊಪೆಲರನ್ನೂ ಒಟ್ಟಿಗೆ ಬದಲಿಸಿ ದೋಣಿ ಸರಿಹೋದರೆ, ಗುಣವಾದುದು ಯಾವ ಔಷಧಿಯಿಂದ ಎಂಬುದು ತಿಳಿಯದೆ ಉಳಿಯುತ್ತದೆ; ಕೆಟ್ಟುಹೋದರಂತೂ ಗೊಂದಲ ಇಮ್ಮಡಿ. ಪ್ರತಿ ಬದಲಾವಣೆಯ ಬಳಿಕ ಅದೇ ನೀರಿನಲ್ಲಿ, ಅಷ್ಟೇ ಭಾರ ಹೊತ್ತು, ಒಂದು ಸುತ್ತು ಹೋಗಿಬಂದು, ಕಂಡುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸೊಲ್ಲಿಗೊಂದು ಸಾಲು ಸಾಕು.

ಮೂತಿಯ ಕುಣಿತ

ಅತಿ ಸಾಮಾನ್ಯವಾದ ರೋಗವಿದು. ವೇಗ ಏರಿದಂತೆ ದೋಣಿಯ ಮೂತಿ ತಾಳ ಹಾಕಿದಂತೆ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ನೀರು ಕನ್ನಡಿಯಂತಿದ್ದರೂ ಕುಣಿತ ನಿಲ್ಲದು. ಹಂದಿಮೀನು ನೀರಿನಲ್ಲಿ ಎದ್ದುಬಿದ್ದು ಸಾಗುವುದನ್ನು ಕರಾವಳಿಯವರು ಕಂಡಿರುತ್ತಾರೆ; ಇದೂ ಹಾಗೆಯೇ.

ಕಾರಣವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ಚಕ್ಕಡಿಯನ್ನು ನೆನೆದರೆ ಸಾಕು. ಹಿಂದೆ ಭಾರ ಹೆಚ್ಚಾಗಿ ಹೇರಿದ ಚಕ್ಕಡಿಯ ನೊಗ ಎತ್ತುಗಳ ಕೊರಳನ್ನು ಬಿಟ್ಟು ಮೇಲೇಳುತ್ತದೆ. ಮುಂದೆ ಹೇರಿದರೆ ಕೊರಳನ್ನು ಒತ್ತಿ ಕೊಲ್ಲುತ್ತದೆ. ಹೇರುವವನು ಅಚ್ಚಿನ ಮೇಲೆ ತೂಕ ಸಮವಾಗಿ ನಿಲ್ಲುವಂತೆ ನೋಡಿಕೊಳ್ಳುತ್ತಾನೆ. ದೋಣಿಯಲ್ಲಿ ಎಂಜಿನು ಹಿಂದೆ, ಪೆಟ್ರೋಲಿನ ಡಬ್ಬಿ ಹಿಂದೆ, ಬ್ಯಾಟರಿ ಹಿಂದೆ, ನಡೆಸುವವನೂ ಹಿಂದೆ. ಹೀಗೆ ಹಿಂಭಾರವಾದ ದೋಣಿಯ ಮೂತಿ ಏಳುತ್ತದೆ. ಎದ್ದ ಮೂತಿಗೆ ಆಧಾರ ಸಾಲದೆ ಬೀಳುತ್ತದೆ. ಬಿದ್ದಾಗ ತಳ ನೀರನ್ನು ಹೊಡೆದು ಮತ್ತೆ ಏಳುತ್ತದೆ.

ಚಿಕಿತ್ಸೆ ಹೀಗೆ: ಡಬ್ಬಿ, ಸಾಮಾನುಗಳನ್ನು ಮುಂದಕ್ಕೆ ಸರಿಸಿರಿ. ಎಂಜಿನಿನ ಓರೆಯನ್ನು ಒಂದು ತೂತಿನಷ್ಟು ಒಳಕ್ಕೆ ತನ್ನಿರಿ, ಎಂದರೆ ಕಾಲು ದೋಣಿಯ ಕಡೆಗೆ ಬರಲಿ. ಇಷ್ಟಕ್ಕೂ ನಿಲ್ಲದಿದ್ದರೆ ದೋಣಿಯನ್ನು ದಡಕ್ಕೆಳೆದು ಬೋರಲಾಗಿಸಿ, ನೇರವಾದ ಉದ್ದ ಪಟ್ಟಿಯೊಂದನ್ನು ತಳದ ಹಿಂಬದಿಯ ಒಂದೂವರೆ ಮೀಟರಿಗೆ ಹಿಡಿದು ನೋಡಿರಿ. ತಳ ಅಲ್ಲಿ ನೇರವಾಗಿರಬೇಕು. ಹೊರಕ್ಕೆ ಉಬ್ಬಿದ್ದರೆ ಮೂತಿ ಏಳುತ್ತದೆ, ಕುಣಿಯುತ್ತದೆ. ಒಳಕ್ಕೆ ತಗ್ಗಿದ್ದರೆ ಮೂತಿ ಕೆಳಗೊತ್ತಿ, ದೋಣಿ ನೀರನ್ನು ಅಗೆಯುತ್ತದೆ. ಬಹುಕಾಲ ಎರಡು ದಿಮ್ಮಿಗಳ ಮೇಲಿಟ್ಟ ದೋಣಿಯ ತಳ ಹೀಗೆ ಬಾಗುವುದುಂಟು. ಅದನ್ನು ಬಡಗಿಯೋ ಫೈಬರಿನ ಕೆಲಸದವನೋ ಸರಿಪಡಿಸಬೇಕಲ್ಲದೆ ಎಂಜಿನಿನ ಮಿಸ್ತ್ರಿಯಲ್ಲ.

ಪಕ್ಕದಿಂದ ಪಕ್ಕಕ್ಕೆ

ಕುಣಿತಕ್ಕಿಂತ ಭಯಂಕರವಾದುದು ಪಕ್ಕದ ಹೊಯ್ದಾಟ. ತುಂಬ ವೇಗದಲ್ಲಿ ದೋಣಿ ಒಮ್ಮೆ ಎಡ ಅಂಚಿನ ಮೇಲೆ, ಒಮ್ಮೆ ಬಲ ಅಂಚಿನ ಮೇಲೆ ಕಾಲಿಡುತ್ತ ನಡೆಯುತ್ತದೆ. ಪ್ರತಿ ಹೆಜ್ಜೆಗೂ ಹೊಯ್ದಾಟ ದೊಡ್ಡದಾಗುತ್ತ ಹೋಗಿ, ತಡೆಯದಿದ್ದರೆ ನಡೆಸುವವನನ್ನು ಹೊರಗೆಸೆಯುತ್ತದೆ.

ಇಲ್ಲಿ ಕಾರಣಗಳು ಎರಡು ಮೂರು. ದೋಣಿ ತೀರ ಸಣ್ಣ ತಳದ ಮೇಲೆ ನಿಂತಿರುತ್ತದೆ ಎಂಬುದು ಒಂದು. ಪ್ರೊಪೆಲರು ಒಂದು ಕಡೆಗೆ ಸುತ್ತುವಾಗ ದೋಣಿಯನ್ನು ಇನ್ನೊಂದು ಕಡೆಗೆ ಹೊರಳಿಸಲು ನೋಡುತ್ತದೆ ಎಂಬುದು ಎರಡನೆಯದು. ಹಿಂದಿನಿಂದ ನೋಡಿದಾಗ ಬಲಸುತ್ತು ಸುತ್ತುವ ಪ್ರೊಪೆಲರು ದೋಣಿಯ ಎಡಬದಿಯನ್ನು ತಗ್ಗಿಸುತ್ತದೆ. ಆದ್ದರಿಂದಲೇ ಒಬ್ಬನೇ ನಡೆಸುವ ಎಷ್ಟೋ ದೋಣಿಗಳಲ್ಲಿ ಆಸನ ಬಲಕ್ಕಿರುತ್ತದೆ. ಮೂರನೆಯದು, ಅತಿ ಹೆಚ್ಚು ಕಂಡುಬರುವುದು, ಸ್ಟಿಯರಿಂಗಿನ ಸಡಿಲು. ಚಕ್ರವನ್ನು ಎರಡು ಬೆರಳು ತಿರುಗಿಸಿದರೂ ಎಂಜಿನು ಹೊರಳದೆ, ಆಮೇಲೆ ಒಮ್ಮೆಗೇ ಹೊರಳಿದರೆ, ನಡೆಸುವವನ ಕೈ ಯಾವಾಗಲೂ ದೋಣಿಗಿಂತ ಅರ್ಧ ಹೆಜ್ಜೆ ಹಿಂದೆ ಉಳಿಯುತ್ತದೆ. ಅವನು ಎಡಕ್ಕೆ ತಿದ್ದಹೋಗುವ ವೇಳೆಗೆ ದೋಣಿ ಬಲಕ್ಕೆ ಬಂದಿರುತ್ತದೆ; ಅವನ ತಿದ್ದುಪಡಿಯೇ ಹೊಯ್ದಾಟಕ್ಕೆ ತೊಟ್ಟಿಲು ತೂಗುವ ಕೈಯಾಗುತ್ತದೆ.

ಆದುದರಿಂದ ಎಂಜಿನಿನ ಕಾಲನ್ನು ಕೈಯಲ್ಲಿ ಹಿಡಿದು ಅಲುಗಿಸಿರಿ. ಚಕ್ರ ಅಲುಗದೆ ಅದು ಅಲುಗಿದರೆ ಕೇಬಲ್ಲು, ಕೀಲು, ಹಿಂಹಲಗೆಯ ಬೋಲ್ಟು, ಎಂಜಿನು ಕೂತ ರಬ್ಬರು ಇವುಗಳಲ್ಲೆಲ್ಲೋ ಸಡಿಲಿದೆ. ಬೋಲ್ಟಿನ ಸುತ್ತಲಿನ ಮರ ಕೊಳೆತಿದೆಯೇ ಎಂಬುದನ್ನೂ ನೋಡತಕ್ಕದ್ದು. ನೀರಿನಲ್ಲಿ ಹೊಯ್ದಾಟ ಶುರುವಾದರೆ ಮಾಡಬೇಕಾದುದು ಒಂದೇ: ವೇಗವನ್ನು ಮೆಲ್ಲಗೆ ಇಳಿಸಿ, ಓರೆಯನ್ನು ಒಳಕ್ಕೆ ತಂದು, ಇನ್ನಷ್ಟು ತಳವನ್ನು ನೀರಿಗೆ ಮುಟ್ಟಿಸುವುದು. ಥ್ರಾಟಲನ್ನು ಒಮ್ಮೆಗೇ ಬಿಡಬಾರದು. ಮೂತಿ ಧುಮುಕಿ ದೋಣಿ ಅಡ್ಡ ತಿರುಗೀತು.

ಎಂಜಿನು ಚೀರುತ್ತದೆ, ದೋಣಿ ಸಾಗದು

ತಿರುವಿನಲ್ಲಿ ಎಂಜಿನಿನ ಸದ್ದು ತಟ್ಟನೆ ಏರಿ, ದೋಣಿಯ ವೇಗ ಕುಸಿಯುತ್ತದೆ. ಗೇರು ಕಳಚಿತೋ ಎಂದು ಹೊಸಬನು ಗಾಬರಿಯಾಗುತ್ತಾನೆ. ನಿಜವಾಗಿ ಪ್ರೊಪೆಲರು ಮೇಲಿನಿಂದ ಗಾಳಿಯನ್ನು ನುಂಗಿದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುತ್ತುವುದನ್ನು ಈ ಸೀಮೆಯವರೆಲ್ಲ ಕಂಡಿದ್ದಾರೆ; ಅಲ್ಲಿ ಗಾಳಿ ರೆಕ್ಕೆಯನ್ನು ತಳ್ಳುತ್ತದೆ, ಇಲ್ಲಿ ರೆಕ್ಕೆ ನೀರನ್ನು ತಳ್ಳುತ್ತದೆ. ತಳ್ಳಲು ನೀರೇ ಸಿಗದೆ ಬುರುಗು ಸಿಕ್ಕರೆ ರೆಕ್ಕೆ ಸುಮ್ಮನೆ ಸುತ್ತಬೇಕಷ್ಟೆ.

ಎಂಜಿನಿನ ಕಾಲಿನಲ್ಲಿ, ಪ್ರೊಪೆಲರಿನ ಸ್ವಲ್ಪ ಮೇಲೆ, ಅಡ್ಡವಾಗಿ ಚಾಚಿದ ತಟ್ಟೆಯೊಂದಿರುತ್ತದೆ. ಗಾಳಿಯನ್ನು ಕೆಳಗಿಳಿಯಗೊಡದಿರುವುದೇ ಅದರ ಕೆಲಸ. ಸಾಧಾರಣ ದೋಣಿಯಲ್ಲಿ ಅದು ತಳದ ಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು. ಪಂದ್ಯದವರು ನೀರಿನ ತಡೆಯನ್ನು ತಗ್ಗಿಸಲು ಎಂಜಿನನ್ನು ಇನ್ನೂ ಎತ್ತರಿಸುತ್ತಾರೆ. ಅದಕ್ಕೆ ತಕ್ಕ ಪ್ರೊಪೆಲರನ್ನೂ ಹಾಕಿರುತ್ತಾರೆ. ಅವರನ್ನು ನೋಡಿ ಎಲ್ಲರೂ ಎತ್ತರಿಸಿದರೆ ತಿರುವಿನಲ್ಲಿ ಚೀರಾಟ ತಪ್ಪದು. ಎಂಜಿನನ್ನು ಇಳಿಸಿರಿ, ಓರೆಯನ್ನು ಒಳತನ್ನಿರಿ, ಪ್ರೊಪೆಲರಿನ ಅಂಚು ಮುಕ್ಕಾಗಿದೆಯೇ, ಹುಲ್ಲು ಸುತ್ತಿದೆಯೇ ನೋಡಿರಿ.

ಇದೇ ಬಗೆಯ ಇನ್ನೊಂದು ರೋಗವುಂಟು. ಎರಡನ್ನೂ ಒಂದೆಂದು ತಿಳಿಯುವವರೇ ಹೆಚ್ಚು. ರೆಕ್ಕೆಯ ಬೆನ್ನಿನ ಮೇಲೆ ಒತ್ತಡ ತೀರ ತಗ್ಗಿದಾಗ, ನೀರು ಬಿಸಿಯಾಗದೆಯೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಆ ಗುಳ್ಳೆಗಳು ಒಡೆಯುವ ಪೆಟ್ಟಿಗೆ ಲೋಹವೇ ಹುಳುಕು ಹಿಡಿದ ಹಲ್ಲಿನಂತೆ ತೂತಾಗುತ್ತದೆ. ಪ್ರೊಪೆಲರಿನ ಮೇಲೆ ಇಂಥ ಕಚ್ಚು ಕಂಡರೆ ಗಾಳಿಯ ದೋಷವಲ್ಲ. ರೆಕ್ಕೆಯ ಆಕಾರ ಕೆಟ್ಟಿದೆ, ಇಲ್ಲವೆ ಆ ದೋಣಿಗೆ ಅದು ತಕ್ಕುದಲ್ಲ ಎಂದು ತಿಳಿಯಬೇಕು.

ತಕ್ಕುದೋ ಅಲ್ಲವೋ ಎಂಬುದನ್ನು ಲೆಕ್ಕದಿಂದ ಕಾಣಬಹುದು. ಪ್ರೊಪೆಲರಿನ ಮೇಲೆ 15 ಅಂಗುಲವೆಂದು ಗುರುತಿದ್ದರೆ, ಬೆಣ್ಣೆಯಲ್ಲಿ ಸ್ಕ್ರೂ ತಿರುಗಿದಂತೆ ಒಂದು ಸುತ್ತಿಗೆ 15 ಅಂಗುಲ ಮುನ್ನಡೆಯಬೇಕೆಂದು ಅರ್ಥ. ಎಂಜಿನು ನಿಮಿಷಕ್ಕೆ 5,000 ಸುತ್ತು, ಗೇರಿನಲ್ಲಿ ಅರ್ಧವಾಗಿ ಪ್ರೊಪೆಲರು 2,500 ಸುತ್ತು. ಹಾಗಾದರೆ ಗಂಟೆಗೆ 57 ಕಿಲೋಮೀಟರು ಬರಬೇಕು. ನೀರು ಬೆಣ್ಣೆಯಲ್ಲ, ಜಾರುತ್ತದೆ. ನೂರಕ್ಕೆ ಹದಿನೈದು ಕಳೆದರೆ 48 ಉಳಿಯುತ್ತದೆ. ನಿಮಗೆ 35 ಮಾತ್ರ ಸಿಕ್ಕುತ್ತಿದ್ದರೆ ಪ್ರೊಪೆಲರು ಜಾರುತ್ತಿದೆ. ಅದರ ಒಳಗಿನ ರಬ್ಬರಿನ ಬುಷ್ಷು ಹರಿದಿರಲೂಬಹುದು.

ಒಂದೇ ಕಡೆಯ ಎಳೆತ

ಕೈ ಬಿಟ್ಟರೆ ದೋಣಿ ಬಲಕ್ಕೇ ಹೋಗುತ್ತದೆ. ಒಂದು ಗಂಟೆ ನಡೆಸಿದರೆ ತೋಳು ನೋಯುತ್ತದೆ. ಆ ಅಡ್ಡ ತಟ್ಟೆಯ ಕೆಳಗೆ, ಮೀನಿನ ರೆಕ್ಕೆಯಂತೆ ಇಳಿಬಿದ್ದ ಸಣ್ಣ ಲೋಹದ ತುಣುಕೊಂದನ್ನು ಬಹಳ ಎಂಜಿನುಗಳಲ್ಲಿ ಕಾಣುವಿರಿ. ದೋಣಿ ಬಲಕ್ಕೆ ಎಳೆಯುತ್ತಿದ್ದರೆ ಬೋಲ್ಟನ್ನು ಸಡಿಲಿಸಿ, ತುಣುಕಿನ ಹಿಂತುದಿಯನ್ನು ತುಸು ಬಲಕ್ಕೇ ತಿರುಗಿಸಿರಿ. ಎಡಕ್ಕೆ ಎಳೆದರೆ ಎಡಕ್ಕೆ. ಇದು ತಲೆಕೆಳಗಿನ ಮಾತೆಂದು ತೋರಬಹುದು. ಬಲಕ್ಕೆ ಬಾಗಿದ ತುಣುಕನ್ನು ನೀರು ಎಡಕ್ಕೆ ಒತ್ತುತ್ತದೆ. ಎಂಜಿನಿನ ಹಿಂಬದಿ ಎಡಕ್ಕೆ ಸರಿಯುತ್ತದೆ. ಆಗ ದೋಣಿ ಎಡಕ್ಕೆ ಒಲೆಯುತ್ತದೆ. ಬಲದ ಎಳೆತಕ್ಕೆ ಎಡದ ಒಲವು ಸೇರಿ ನಡೆ ನೆಟ್ಟಗಾಗುತ್ತದೆ. ಪಂದ್ಯದ ಎಂಜಿನು ಎತ್ತರ ಕೂತು ಈ ತುಣುಕು ನೀರನ್ನೇ ಮುಟ್ಟದಿದ್ದರೆ, ಇದರಿಂದ ಪ್ರಯೋಜನವಿಲ್ಲ.

ಅಗೆತ ಮತ್ತು ಹಾರಾಟ

ಓರೆಯನ್ನು ಒಳಕ್ಕೆ ತನ್ನಿರಿ ಎಂದು ಮೇಲೆ ಹಲವು ಸಲ ಹೇಳಿದೆವು. ಅದಕ್ಕೂ ಮಿತಿಯುಂಟು. ತೀರ ಒಳಕ್ಕೆ ತಂದರೆ ಮೂತಿ ನೀರನ್ನಗೆಯುತ್ತದೆ. ಮುಂತುದಿಯೇ ಚುಕ್ಕಾಣಿಯಾಗಿ ಬಿಡುತ್ತದೆ. ಆಗ ಸಣ್ಣ ತಿರುವಿನಲ್ಲಿಯೂ ಹಿಂಬದಿ ಬೀಸಿ ಬಂದು ದೋಣಿ ಗಿರ್ರೆಂದು ಸುತ್ತುತ್ತದೆ, ಒಳಗಿದ್ದವರು ಹೊರಗೆ.

ತೀರ ಹೊರಕ್ಕೆ ಬಿಟ್ಟರೆ ಅದಕ್ಕಿಂತ ದೊಡ್ಡ ಗಂಡಾಂತರ. ಹಗುರವಾದ ದೋಣಿಯ ಮೂತಿ ಎತ್ತರಕ್ಕೆದ್ದಾಗ ಅದರಡಿ ಗಾಳಿ ಹೊಕ್ಕು, ಬಾಲಂಗೋಚಿ ಹರಿದ ಪಟದಂತೆ ದೋಣಿಯನ್ನು ಹಿಂದಕ್ಕೆ ಮಗುಚುತ್ತದೆ. ಇಂಗ್ಲೆಂಡಿನ ಕೊನಿಸ್ಟನ್ ಸರೋವರದಲ್ಲಿ 1967ರ ಜನವರಿ 4ರಂದು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಸಾಹಸಿ ಗಂಟೆಗೆ 480 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿದ್ದಾಗ, ಅವನ 'ಬ್ಲೂಬರ್ಡ್' ನೀರನ್ನು ಬಿಟ್ಟೆದ್ದು ಹಿಂದಕ್ಕೆ ಮಗುಚಿತು, ಆತ ಉಳಿಯಲಿಲ್ಲ. ಅವನ ದೇಹ ದೊರೆತುದು 2001ರಲ್ಲಿ. ಅದು ಜೆಟ್ ಎಂಜಿನಿನ ದೋಣಿ, ನಿಜ. ಆದರೆ ಗಾಳಿಯು ತಳದಡಿ ಹೊಕ್ಕ ಮೇಲೆ ಎಂಜಿನಿನ ಜಾತಿಯನ್ನು ಕೇಳುವುದಿಲ್ಲ.

ಪಂದ್ಯದಿಂದ ಪ್ರವಾಹಕ್ಕೆ

ಈಗ ಮಲಪ್ರಭೆಗೆ ಹಿಂದಿರುಗೋಣ. ನೆರೆಯ ದಿನ ಬರುವ ದೋಣಿ ಬಹುಶಃ ಗಾಳಿ ತುಂಬಿದ ರಬ್ಬರಿನದಾಗಿರುತ್ತದೆ. ಅದರ ತಳದ ಬಿಗಿಯೆಲ್ಲ ಗಾಳಿಯ ಒತ್ತಡದಲ್ಲಿದೆ. ಬಿಸಿಲಿನಲ್ಲಿ, 40 ಡಿಗ್ರಿ ಶಾಖದಲ್ಲಿ ಬಿಗಿಯಾಗಿ ತುಂಬಿದ ದೋಣಿಯನ್ನು 25 ಡಿಗ್ರಿಯ ಹೊಳೆಗೆ ಇಳಿಸಿದರೆ, ಒಳಗಿನ ಗಾಳಿ ಕುಗ್ಗಿ, ಒತ್ತಡಮಾಪಕ ತೋರಿಸುವ ಬಿಗಿಯಲ್ಲಿ ಸುಮಾರು ಕಾಲು ಭಾಗ ಕಡಿಮೆಯಾಗಬಹುದು. ಮೆತ್ತಗಾದ ದೋಣಿ ನಡುವೆ ಬಾಗುತ್ತದೆ. ಬಾಗಿದ ತಳ ಕುಣಿಯುತ್ತದೆ. ಎಂಜಿನನ್ನು ಬೈಯುವ ಮೊದಲು ನೀರಿಗಿಳಿಸಿದ ಮೇಲೆ ಇನ್ನೊಮ್ಮೆ ಪಂಪು ಹಿಡಿಯಬೇಕು.

ನೆರೆಯ ನೀರು ಪಂದ್ಯದ ನೀರಲ್ಲ. ಅದರಲ್ಲಿ ಜೋಳದ ದಂಟು, ಬಳ್ಳಿ, ಬಟ್ಟೆ, ಬೇಲಿಯ ತಂತಿ ಎಲ್ಲವೂ ಇರುತ್ತವೆ. ಪ್ರೊಪೆಲರಿಗೆ ಇವು ಸುತ್ತಿದರೆ ಎಂಜಿನು ನಡುಗುತ್ತದೆ, ವೇಗ ಇಳಿಯುತ್ತದೆ. ಎಂಜಿನಿನ ಪಕ್ಕದಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತಿರುತ್ತದೆ. ತಂಪುಗೊಳಿಸುವ ನೀರು ಒಳಗೆ ಸುತ್ತುತ್ತಿದೆ ಎಂಬುದರ ಗುರುತದು. ಎರೆಯ ಕೆಸರಿನಲ್ಲಿ ಆ ಧಾರೆ ನಿಂತರೆ ಎಂಜಿನು ಸುಡುವ ಮೊದಲು ನಿಲ್ಲಿಸಿ ಬಾಯಿಯನ್ನು ತೊಳೆಯತಕ್ಕದ್ದು. ಪ್ರೊಪೆಲರಿಗೆ ಕೈ ಹಾಕುವ ಮುನ್ನ ಎಂಜಿನು ಪೂರ್ತಿ ನಿಂತಿರಬೇಕೆಂಬುದನ್ನು ಬೇರೆ ಹೇಳಬೇಕೆ?

ಇನ್ನು ಭಾರದ ಮಾತು. ಇಬ್ಬರಿದ್ದಾಗ ಹಕ್ಕಿಯಂತೆ ಹಾರಿದ ದೋಣಿ ಹತ್ತು ಜನ ಹತ್ತಿದ ಮೇಲೆ ಅಷ್ಟೇ ಬಲದ ಎಂಜಿನಿನಿಂದ ಜಾರುವ ನಡೆಗೆ ಬರಲಾರದು, ಬರಿಸಲೂ ಬಾರದು. ಮೂತಿ ಎತ್ತಿಕೊಂಡು, ಹಿಂಬದಿ ತಗ್ಗಿಸಿಕೊಂಡು ಹೊರಳಾಡುವ ಆ ನಡುಗಾಲದ ನಡೆಯೇ ಎಲ್ಲಕ್ಕಿಂತ ಕೆಟ್ಟದು. ಭಾರ ತುಂಬಿದಾಗ ಮೆಲ್ಲನೆಯ ನಡೆಯೇ ನಡೆ. ನಿಲ್ಲಿಸುವಾಗಲೂ ಒಮ್ಮೆಗೇ ಥ್ರಾಟಲು ಬಿಡಬಾರದು. ಹಿಂದೆ ಬರುತ್ತಿರುವ ತನ್ನದೇ ಅಲೆ, ದೋಣಿ ನಿಂತೊಡನೆ ಹಿಂಹಲಗೆಯನ್ನು ದಾಟಿ ಒಳನುಗ್ಗುತ್ತದೆ.

ಹರಿವಿನಲ್ಲಿ ದೋಣಿ ಅಡ್ಡವಾಗಿ ಮರಕ್ಕೋ ಕಂಬಕ್ಕೋ ತಗುಲಿಕೊಂಡರೆ ಜನರೆಲ್ಲ ಅಂಜಿ ಮರದಿಂದ ದೂರಕ್ಕೆ, ಮೇಲ್‌ಹರಿವಿನ ಕಡೆಗೆ ವಾಲುತ್ತಾರೆ. ಮುಳುಗಿಸುವುದು ಅದೇ. ಮೇಲ್‌ಹರಿವಿನ ಅಂಚು ತಗ್ಗಿದೊಡನೆ ನೀರು ಅದನ್ನು ತುಳಿದು ದೋಣಿಯನ್ನು ಮಗುಚುತ್ತದೆ. ಅಂಥ ಗಳಿಗೆಯಲ್ಲಿ ತಗುಲಿದ ಮರದ ಕಡೆಗೇ ಒರಗಬೇಕು. ಹರಿವಿನ ಕಡೆಯ ಅಂಚು ಮೇಲೇಳಬೇಕು. ಹರಿಯುವ ನೀರಿನ ಒತ್ತು ವೇಗದ ವರ್ಗದಂತೆ ಏರುತ್ತದೆ ಎಂಬುದು ಶಾಲೆಯ ಪಾಠ: ಹರಿವು ಇಮ್ಮಡಿಯಾದರೆ ಒತ್ತು ನಾಲ್ಮಡಿ.

ಇವು ಬರಿಯ ಪುಸ್ತಕದ ಭಯಗಳಲ್ಲ. 2019ರ ಆಗಸ್ಟಿನಲ್ಲಿಯೇ, ಮಲಪ್ರಭೆ ಉಕ್ಕಿದ ದಿನಗಳಲ್ಲಿ, ತುಂಗಭದ್ರೆಯ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿದ ಜನರನ್ನು ಕರೆತರಲು ಹೋದ ದೋಣಿಯೊಂದು ಮಗುಚಿ, ರಕ್ಷಿಸಲು ಹೋದವರೇ ಹೊಳೆಯ ಪಾಲಾಗುವಂತಾಗಿತ್ತು. ಅವರು ಬದುಕಿ ಬಂದುದು ಪುಣ್ಯ. ಅದೇ ವರ್ಷದ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿದಾಗ ಅಷ್ಟು ಪುಣ್ಯ ಒದಗಲಿಲ್ಲ. 16 ಜನ ನೀರುಪಾಲಾದರು.

ಕೂರುವವರ ಪಾಲು

ನಡೆಸುವವನ ವಿದ್ಯೆಯನ್ನು ಇಷ್ಟು ಹೇಳಿದ ಮೇಲೆ ಕೂರುವವರ ವಿದ್ಯೆಯನ್ನೂ ಹೇಳದಿದ್ದರೆ ಅರ್ಧವೇ ಹೇಳಿದಂತೆ. ನಮ್ಮ ಹೊಳೆಸಾಲಿನ ಊರುಗಳಲ್ಲಿ ದೋಣಿ ನಡೆಸುವವರು ವಿರಳ. ಒಂದಲ್ಲ ಒಂದು ದಿನ ದೋಣಿಯಲ್ಲಿ ಕೂರಬೇಕಾದವರು ಸಾವಿರಾರು. ಅವರು ನೆನಪಿಡಬೇಕಾದುದು ಹೆಚ್ಚಿಲ್ಲ. ಕೂರಿಸಿದಲ್ಲಿ ಕೂರಿರಿ, ತಳದ ಮೇಲೆ ಕೂರುವುದು ಅಂಚಿನ ಮೇಲೆ ಕೂರುವುದಕ್ಕಿಂತ ಮೇಲು. ಓಡುವ ದೋಣಿಯಲ್ಲಿ ಏಳಬೇಡಿರಿ. ದಡದಲ್ಲಿ ಯಾರನ್ನೋ ಕಂಡು ಎಲ್ಲರೂ ಒಂದೇ ಬದಿಗೆ ವಾಲಬೇಡಿರಿ. 'ಇನ್ನು ಸಾಕು, ಮುಂದಿನ ಸುತ್ತಿಗೆ ಬರುತ್ತೇವೆ' ಎಂದು ನಡೆಸುವವನು ತಡೆದರೆ ಜಗಳವಾಡಬೇಡಿರಿ. ಅವನು ಎಣಿಸುತ್ತಿರುವುದು ತಲೆಗಳನ್ನಲ್ಲ, ಉಳಿಯುವ ಜೀವಗಳನ್ನು. ತೇಲುಕವಚವನ್ನು ಕೈಯಲ್ಲಿ ಹಿಡಿದುಕೊಳ್ಳದೆ ಮೈಗೆ ಕಟ್ಟಿಕೊಳ್ಳಿರಿ. ಧಾನ್ಯದ ಚೀಲವನ್ನು ಬಿಟ್ಟುಬರುವುದು ಕಷ್ಟವೇ, ಬಲ್ಲೆವು. ಆದರೆ ಆ 50 ಕಿಲೋ ತೂಕದ ಜಾಗದಲ್ಲಿ ಅಜ್ಜಿಯೊಬ್ಬಳು ಬರುತ್ತಾಳೆ.

ನಡೆಸುವವರಿಗೆ ಒಂದೇ ಒಂದು ಕಡೆಯ ಮಾತು. ಎಂಜಿನಿನಿಂದ ಬರುವ ಕೆಂಪು ಹುರಿಯೊಂದನ್ನು ಮೈಗೆ ಸಿಕ್ಕಿಸಿಕೊಳ್ಳುವ ಏರ್ಪಾಡು ಇರುತ್ತದೆ. ನಡೆಸುವವನು ನೀರಿಗೆ ಬಿದ್ದರೆ ಹುರಿ ಕಿತ್ತು ಎಂಜಿನು ನಿಲ್ಲುತ್ತದೆ. ಪಂದ್ಯದಲ್ಲಿ ಅದನ್ನು ಕಟ್ಟಿಕೊಳ್ಳದವನನ್ನು ನೀರಿಗೇ ಇಳಿಯಗೊಡುವುದಿಲ್ಲ. ಹೊಳೆಯಲ್ಲಿ ಅದು ಎಷ್ಟೋ ಸಲ ಎಂಜಿನಿಗೆ ಸುತ್ತಿಕೊಂಡೇ ಇರುತ್ತದೆ. ಒಡೆಯನಿಲ್ಲದ ದೋಣಿ ಎಂಜಿನು ಓಡುತ್ತಿದ್ದಂತೆಯೇ ಸುತ್ತು ಹೊಡೆದು, ಬಿದ್ದವನ ಮೇಲೆಯೇ ಬರುತ್ತದೆ ಎಂಬುದನ್ನು ಅರಿತವರು ಆ ಹುರಿಯನ್ನು ಮರೆಯಲಾರರು.

ದೋಣಿ ಹಟ ಹಿಡಿಯುವುದು ಅಪರೂಪ. ತಳ ಬಾಗಿದೆ, ಭಾರ ತಪ್ಪಿದೆ, ಬೋಲ್ಟು ಸಡಿಲಿದೆ, ಒತ್ತಡ ಇಳಿದಿದೆ ಎಂದು ತನಗೆ ತಿಳಿದ ಭಾಷೆಯಲ್ಲಿ ಅದು ಹೇಳುತ್ತಿರುತ್ತದೆ. ಆ ಭಾಷೆಯನ್ನು ಕಲಿಯಲು ನೆರೆಯ ದಿನ ತಕ್ಕುದಲ್ಲ. ಹೊಳೆ ತೆಳ್ಳಗೆ ಹರಿಯುವ ಮಾಘ ಫಾಲ್ಗುಣಗಳಲ್ಲಿ, ಒಂದು ಕೆರೆಯ ಶಾಂತವಾದ ನೀರಿನಲ್ಲಿ, ಒಂದೊಂದೇ ಬೋಲ್ಟು ತಿರುಗಿಸಿ, ಒಂದೊಂದೇ ಸಾಲು ಬರೆದು ಕಲಿತರೆ, ಆಷಾಢ ಶ್ರಾವಣಗಳಲ್ಲಿ ಮಲಪ್ರಭೆ ಬಾಗಿಲಿಗೆ ಬಂದಾಗ ಕೈ ನಡುಗದು.